ಬಿಳಿಚೋಡಿನ ದ್ರಾಕ್ಷಿ ಪಾನಕ

ಏನನ್ನಾದರೂ ಕುಡಿಯುವ ಮೊದಲು ಮೂಸಿ ನೋಡುವ ಅಭ್ಯಾಸ ನನಗೆ ಈಚೆಗೆ ಅಂಟಿಕೊಂಡಿದೆ. ನೀರು, ಮಜ್ಜಿಗೆ, ಚಹಾ, ಕೆಮ್ಮಿನ ಔಷಧ, ಯಾವುದೂ ಇದರಿಂದ ತಪ್ಪಿಸಿಕೊಂಡಿಲ್ಲ. ಲೋಟ ಬಾಯಿಗೆ ಹೋಗುವ ದಾರಿಯಲ್ಲಿ ಮೂಗಿನ ಹತ್ತಿರ ಒಂದು ಕ್ಷಣ ನಿಲ್ಲುತ್ತದೆ. ಹೊನ್ನಾಳಿಯ ನಮ್ಮ ಮನೆಯಲ್ಲಿ ಹೆಂಡತಿ ಇದನ್ನು ಮೊದಮೊದಲು ಸಹಿಸಿಕೊಂಡಳು. ಆಮೇಲೆ ಒಂದು ದಿನ ಹಾಲಿನ ಲೋಟ ಕೈಗಿಡುತ್ತ, "ಮೂಸಿ ಆದ ಮ್ಯಾಲೆ ಹೇಳ್ರಿ, ಬಾಲ ಅಲ್ಲಾಡಿಸ್ತೀರೇನು ನೋಡಾನ" ಎಂದಳು. ನ್ಯಾಮತಿಯ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಂತೂ ಮಾಲೀಕನೇ ಗಲ್ಲೆಯಿಂದ ಎದ್ದು ಬಂದ.

"ಯಾಕ್ರಿ ಯಜಮಾನ್ರೆ, ಹಾಲು ಒಡೆದೈತೇನ್ರಿ?"

"ಇಲ್ರಿ, ಚೆನ್ನಾಗೈತೆ."

"ಚೆನ್ನಾಗಿದ್ರೆ ಕುಡೀರಿ. ಪಕ್ಕದ ಟೇಬಲ್ಲಿನೋರು ನೋಡ್ತಾ ಅದಾರೆ."

ಕುಡಿದು ಎದ್ದು ಬಂದೆ. ಈ ಅಭ್ಯಾಸ ಎಲ್ಲಿ ಹುಟ್ಟಿತೆಂದು ಅವನಿಗೆ ಹೇಳಲು ಹೊರಟಿದ್ದರೆ ನನ್ನ ಬಸ್ಸು ಹೋಗಿಬಿಡುತ್ತಿತ್ತು. ನಿಮಗೆ ಬಸ್ಸಿನ ಅವಸರವಿಲ್ಲವೆಂದುಕೊಂಡು ಹೇಳುತ್ತೇನೆ.

ನಾನು ಸರ್ವೇಯರ್ ಆಗಿದ್ದವನು. ಚನ್ನಗಿರಿ, ನ್ಯಾಮತಿ, ಜಗಳೂರು ಸೀಮೆಯ ಹೊಲಗಳಲ್ಲಿ ಮೊದಲು ಸರಪಳಿ ಎಳೆದು, ಕೊನೆಕೊನೆಗೆ ಮೂರು ಕಾಲಿನ ಯಂತ್ರ ನಿಲ್ಲಿಸಿ ನಿವೃತ್ತನಾದೆ. ಈ ಕೆಲಸದಲ್ಲಿ ಒಂದು ಶಿಸ್ತಿದೆ. ಎಡಕ್ಕೊಬ್ಬ ರೈತ, ಬಲಕ್ಕೊಬ್ಬ ರೈತ ನಿಂತು ಇಬ್ಬರೂ ನಿಮ್ಮ ಬಾಯಿಯನ್ನೇ ನೋಡುತ್ತಿರುವಾಗ, "ಇಲ್ಲಿರಬಹುದು ಅನ್ನಿಸುತ್ತದೆ" ಎನ್ನುವಂತಿಲ್ಲ. ಗಡಿಕಲ್ಲು ಇದೆ ಅಥವಾ ಇಲ್ಲ. ಕಂಡದ್ದನ್ನು ಮಾತ್ರ ಹೇಳಬೇಕು. ಈ ಶಿಸ್ತಿನಿಂದಾಗಿ ನಾನು ಮನೆಯವರಿಗೆ ಬಹಳ ಬೇಸರದ ಮನುಷ್ಯನಾಗಿದ್ದೇನೆ. ಸಿನಿಮಾದ ಕಥೆ ಹೇಳೆಂದರೆ ಎರಡು ತಾಸು ಹಿಡಿಯುತ್ತೇನೆ. ಸಿನಿಮಾ ಅಷ್ಟು ಉದ್ದವಿರುವುದಿಲ್ಲ.

ನಮ್ಮ ಮನೆತನದ ನಿಜವಾದ ಮೂಗು ನನ್ನದಲ್ಲ, ನನ್ನ ಅಕ್ಕ ಗಿರಿಜಮ್ಮನದು. ನಾವು ಹುಟ್ಟಿ ಬೆಳೆದದ್ದು ಕತ್ತಲಗೆರೆಯ ಕಡೆ. ಕಬ್ಬು ಕಡಿಯುವ ಕಾಲ ಬಂತೆಂದರೆ ಮಕ್ಕಳಾದ ನಾವು ಲೋಟ ಹಿಡಿದು ಆಲೆಮನೆಯ ಗಾಣದ ಮುಂದೆ ಸಾಲುಗಟ್ಟುತ್ತಿದ್ದೆವು. ಗಾಣದ ಬಾಯಿಂದ ಹಸಿರು ರಸ ಬೀಳುವಾಗ ಮೇಲೆ ನೊರೆ ಏಳುತ್ತದಲ್ಲ, ನಮಗೆ ಅದೇ ಗುರುತು. ನೊರೆ ಇದ್ದದ್ದು ಈಗ ತಾನೇ ಹಿಂಡಿದ ರಸ, ನೊರೆ ಕೂತದ್ದು ಯಾವಾಗಲೋ ಹಿಂಡಿ ಇಟ್ಟದ್ದು. ತಡವಾಗಿ ಬಂದವರಿಗೆ, ಜಗಳಗಂಟರಿಗೆ ನೊರೆ ಕೂತ ರಸ. ಅಕ್ಕ ಅಂಗೈಯಿಂದ ನೊರೆ ಸರಿಸಿ, ಅಡಿಯ ರಸವನ್ನು ನನ್ನ ಲೋಟಕ್ಕೆ ಬಗ್ಗಿಸುತ್ತಿದ್ದಳು. ನೊರೆಯನ್ನು ತಾನು ನೆಕ್ಕುತ್ತಿದ್ದಳು. ಅದರಲ್ಲಿ ರುಚಿ ಜಾಸ್ತಿ ಎಂಬುದು ಅವಳ ವಾದ. ನನಗೆ ಮೀಸೆ ಬಂದ ಮೇಲೂ ಅದನ್ನು ಪರೀಕ್ಷಿಸಲು ಅವಳು ಅವಕಾಶ ಕೊಡಲಿಲ್ಲ.

ಅದೇ ಆಲೆಮನೆಯಲ್ಲಿ ನಮ್ಮ ದೊಡ್ಡಣ್ಣ ಕೊಪ್ಪರಿಗೆಯ ಮುಂದೆ ಕೆಲಸ ಮಾಡುತ್ತಿದ್ದ. ಬೆಂಕಿಯ ಮುಂದಿನ ಕೆಲಸ. ಸಂಜೆ ಹೊತ್ತಿಗೆ ಅಲ್ಲಿನವರೊಡನೆ ಸಾರಾಯಿ ಕುಡಿಯಲು ಕಲಿತ. ಲಿಂಗಧಾರಣೆಯಾದ ಮನೆಯಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಅವ್ವ ಬೈಯುವವಳಲ್ಲ. ಅವನು ಬರುವ ಹೊತ್ತಿಗೆ ಅಕ್ಕನನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದಳು. ಅಕ್ಕ ಅವನ ಬಾಯಿ ಮೂಸಬೇಕು. ತಲೆ ಆಡಿಸಿದರೆ ಅವನಿಗೆ ಊಟ ದನದ ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ, ಇಲ್ಲದಿದ್ದರೆ ಒಳಗೆ. ಅಣ್ಣ ಲವಂಗ ಜಗಿದು ಬಂದ, ಈರುಳ್ಳಿ ಕಡಿದು ಬಂದ, ಒಮ್ಮೆ ಬೇವಿನೆಲೆ ಅಗಿದು ಬಂದ. ಅಕ್ಕನ ಮೂಗು ಒಂದು ಸಲವೂ ಮೋಸ ಹೋಗಲಿಲ್ಲ. ಅವನು ಸಿಟ್ಟಾಗುತ್ತಿರಲಿಲ್ಲ. ಸಿಕ್ಕಿಬಿದ್ದಾಗಲೆಲ್ಲ ನಗುತ್ತಿದ್ದ. ಮೊದಲು ಮೂಗಿನಲ್ಲಿ ಸಣ್ಣಗೆ, ಆಮೇಲೆ ತಡೆಯಲಾರದೆ ಗಟ್ಟಿಯಾಗಿ, ಕೊನೆಗೆ ಕೆಮ್ಮಿನಲ್ಲಿ ಮುಗಿಯುವ ನಗು. ಒಂದು ವರ್ಷ ಮಳೆಗಾಲದಲ್ಲಿ ಆಲೆಮನೆಯಿಂದ ಬರುತ್ತ ಭದ್ರಾ ನಾಲೆಗೆ ಬಿದ್ದು ಹೋದ. ಜನ ಅವನ ಹೆಣ ಮೇಲೆತ್ತಿದ್ದನ್ನು ನಾನು ನೋಡಿದೆ. ಅದರ ಬಗ್ಗೆ ಇಷ್ಟೇ.

ಅಕ್ಕ ಮದುವೆಯಾಗಿ ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ಹೋದಳು. ಹೋಗುವಾಗ ಆ ಮನೆಗೆ ಒಂದು ಕಾನೂನನ್ನೂ ಒಯ್ದಳು. ಮದ್ಯ ಆ ಮನೆಯ ಹೊಸಲು ದಾಟುವಂತಿಲ್ಲ. ಕೂಲಿಗೆ ಬಂದವರು ಕುಡಿದು ಬಂದರೆ ಕೆಲಸ ಕೊಡುತ್ತಿದ್ದಳು, ಊಟ ಕೊಡುತ್ತಿದ್ದಳು, ಒಳಗೆ ಬಿಡುತ್ತಿರಲಿಲ್ಲ. ಭಾವ ತೀರಿಕೊಂಡ ಮೇಲೆ ಜಮೀನು ಅವಳ ಹೆಸರಿಗೆ ಬಂತು. ಅಂಥ ಮನೆಗೆ ಚನ್ನಗಿರಿಯಿಂದ ಸೊಸೆಯಾಗಿ ಬಂದವಳು ಶೈಲಾ.

ಶೈಲಾಳದು ಅಡಿಕೆ ವ್ಯಾಪಾರದ ಮನೆ. ತೋಟಗಾರಿಕೆ ಓದಿ, ಎಲ್ಲಿಯೋ ಒಂದು ವೈನರಿಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದಿದ್ದಳು. ಗಂಡ ಕೊಟ್ರೇಶ ಅವಳ ಮಾತು ಕೇಳಿ ದ್ರಾಕ್ಷಿ ಹಾಕಿದ. ಆ ಒಣ ಗಾಳಿ, ಸುಣ್ಣದ ಅಂಶದ ಆ ಮಣ್ಣು ಬಳ್ಳಿಗೆ ಹಿಡಿಸಿದವು. ರಾಸಾಯನಿಕ ಗೊಬ್ಬರ ಇಲ್ಲ, ಔಷಧಿ ಹೊಡೆಯುವುದಿಲ್ಲ. ಬೇಸಿಗೆಯಲ್ಲಿ ಕುರಿಗಾರರು ಮಂದೆಯನ್ನು ಅಲ್ಲಿ ತಂಗಿಸುತ್ತಾರೆ, ಗೊಬ್ಬರದ ಕೆಲಸ ಅಲ್ಲಿಗೆ ಮುಗಿಯಿತು. ಫಸಲು ನಿಂತ ಮೇಲೆ ಗಂಡ ಹೆಂಡತಿ ಓಡಾಡಿ ಅಬಕಾರಿ ಇಲಾಖೆಯ ಪರವಾನಗಿ ತಂದರು. ಹಳೆಯ ಪಂಪ್‌ಹೌಸಿಗೆ ಸುಣ್ಣ ಹೊಡೆದು, ನೆಲಕ್ಕೆ ಟೈಲ್ಸ್ ಹಾಕಿ, ಸ್ಟೀಲಿನ ಡ್ರಮ್ಮುಗಳನ್ನು ಇಟ್ಟರು. ಆ ದಿನ ನಾನೂ ಅಲ್ಲಿದ್ದೆ. ಅಕ್ಕ ಸೊಸೆಯನ್ನು ಕರೆದಳು.

"ಇಲ್ಲಿ ನೋಡು ಶೈಲಾ. ನೀನು ಓದಿದೋಳು. ಮಾರಾಕೆ ಮಾಡ್ತೀನಿ ಅಂತೀಯ, ಮಾಡು. ಆದ್ರೆ ಆ ಪಂಪ್‌ಹೌಸಿಂದ ಒಂದು ಹನಿ ವೈನು ಈ ಹೊಸಲು ದಾಟಿದ್ರೆ, ಮಾರನೇ ದಿನ ಬಳ್ಳಿ ಕೀಳಿಸಿ ದಾಳಿಂಬೆ ಹಾಕಿಸ್ತೀನಿ."

"ಅವ್ವ, ಮಕ್ಕಳಂಗೆ ಸಾಕಿದ ಬಳ್ಳಿ ಅವು" ಎಂದ ಕೊಟ್ರೇಶ.

"ನಿನ್ನನ್ನೂ ಹಂಗೇ ಸಾಕೀನಿ. ನೀನು ದಾಟಿಸಿದ್ರೆ ನಿನ್ನನ್ನೂ ಕೀಳಿಸ್ತೀನಿ."

ಅವಳು ಹೇಳಿದ್ದನ್ನು ಮಾಡುವವಳು. ಶೈಲಾ "ಆಗ್ಲಿ ಅತ್ತೆ" ಎಂದಳು. ಹಿಂಡಿದ ದಿನದ ಸಿಹಿ ರಸಕ್ಕೆ ಈ ಕಾನೂನು ಇಲ್ಲವೆಂದೂ, ಅದು ಬರೀ ಹಣ್ಣೆಂದೂ ಅಕ್ಕನೇ ಒಪ್ಪಿಕೊಂಡಳು. ದ್ರಾಕ್ಷಿ ಕೊಯ್ಯುವ ಕಾಲಕ್ಕೇ ಶಿವರಾತ್ರಿ ಬರುತ್ತದೆ. ಅಂದು ಹಿಂಡಿದ ರಸದ ಪಾನಕವನ್ನು ಲಿಂಗಕ್ಕೆ ನೈವೇದ್ಯ ಮಾಡಿ, ಅದನ್ನೇ ಕುಡಿದು ಉಪವಾಸ ಬಿಡುವುದು ಆ ಮನೆಯಲ್ಲಿ ಮೊದಲ ಫಸಲಿನಿಂದಲೂ ನಡೆದು ಬಂದಿತ್ತು.

ಪಂಪ್‌ಹೌಸಿನ ಒಳಗೆ ಏನು ನಡೆಯುತ್ತದೆಂದು ಶೈಲಾ ನನಗೆ ಒಮ್ಮೆ ತಿಳಿಸಿ ಹೇಳಿದ್ದಳು. "ಮಾವ, ದೋಸೆ ಹಿಟ್ಟಿಗೆ ನಾವು ಏನು ಹಾಕ್ತೀವಿ? ಏನೂ ಇಲ್ಲ. ತಾನೇ ಉಬ್ತೈತೆ. ಇದೂ ಹಂಗೇ. ಬ್ಯಾರೆಯೋರು ಪ್ಯಾಕೆಟಿಂದು ಈಸ್ಟ್ ಹಾಕ್ತಾರೆ, ಗಂಧಕ ಹಾಕ್ತಾರೆ. ನಾವು ಹಾಕಲ್ಲ. ಹುದುಗು ಹಣ್ಣಿನ ಸಿಪ್ಪೆ ಮ್ಯಾಲೇ ಇರ್ತೈತೆ. ಔಷಧಿ ಹೊಡೆದ್ರೆ ಅದು ಸತ್ತೋಗ್ತೈತೆ." ಡ್ರಮ್ಮಿಗೆ ಕಿವಿ ಕೊಟ್ಟು ಕೇಳೆಂದಳು. ಕೇಳಿದೆ. ಒಣ ಎಲೆಗಳ ಮೇಲೆ ಹನಿ ಬೀಳುವಂಥ ಸದ್ದು. ಕಿವಿಗೆ ರಸ ಮೆತ್ತಿಕೊಂಡಿತು. ಆಮೇಲೆ ಮಧ್ಯಾಹ್ನ ಮಲಗಿದಾಗ ಇರುವೆಗಳು ಬಂದವು. ಅರಿವಿಗೆ ತೆರಬೇಕಾದ ಬೆಲೆ ಇದೆಂದು ಸುಮ್ಮನಾದೆ.

ಹೀಗೆ ಒಂದು ಶಿವರಾತ್ರಿಗೆ ನಾನು ಬಿಳಿಚೋಡಿನಲ್ಲಿದ್ದೆ. ಕೊಟ್ರೇಶ, ಶೈಲಾ ಇಬ್ಬರೂ ಬೆಳಗಿನಿಂದ ತೋಟದಲ್ಲಿದ್ದರು. ಅಂದು ಬೆಳಗ್ಗೆ ಹಿಂಡಿದ ಬಿಳಿ ದ್ರಾಕ್ಷಿಯ ರಸ ಒಂದು ಡ್ರಮ್ಮಿನಲ್ಲಿತ್ತು, ಎರಡು ಮೂರು ದಿನ ಮೊದಲು ಹಿಂಡಿದ್ದು ಪಕ್ಕದ ಡ್ರಮ್ಮಿನಲ್ಲಿತ್ತು. ಪೂಜೆಗೆ ಬೇಕಾದ ರಸವನ್ನು ಶೈಲಾ ತಾನೇ ತೆಗೆದುಕೊಡುವುದಾಗಿ ಹೇಳಿ ಹೋಗಿದ್ದಳು. ಹೊತ್ತು ಮುಳುಗುತ್ತ ಬಂತು, ಅವಳು ಬರಲಿಲ್ಲ. ಅಕ್ಕ ಮಡಿಯಲ್ಲಿ ಕೊಡ ಹಿಡಿದು ತಾನೇ ಪಂಪ್‌ಹೌಸಿಗೆ ಹೋದಳು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಹೋದದ್ದನ್ನೂ ನೋಡಿದೆ, ಬಂದದ್ದನ್ನೂ ನೋಡಿದೆ. ಕೊಡದ ಬಾಯಲ್ಲಿ ನೊರೆ ಇತ್ತು. ಅವಳ ಬಲಗೈ ಮೊಣಕೈವರೆಗೆ ಒದ್ದೆಯಾಗಿತ್ತು.

"ಎರಡು ಡ್ರಮ್ಮು ಇದ್ವು" ಎಂದಳು ಒಳಗೆ ಹೋಗುತ್ತ. "ಒಂದ್ರಾಗೆ ರಸ ಸಪ್ಪಗೆ ಕೂತಿತ್ತು. ಇನ್ನೊಂದ್ರಾಗೆ ನೊರೆ ಮ್ಯಾಕೆ ಬಂದಿತ್ತು. ಹೊಸದನ್ನೇ ತಂದೆ."

ಗಾಣದ ಮುಂದೆ ನಿಂತು ಬೆಳೆದವರು ಮಾತ್ರ ಮಾಡಬಲ್ಲ ತಪ್ಪು ಅದು. ದ್ರಾಕ್ಷಿಯ ರಸ ಕಬ್ಬಿನ ಹಾಲಲ್ಲ. ಅದು ಹಿಂಡಿದ ದಿನ ಸಪ್ಪಗೆ ಕೂತಿರುತ್ತದೆ, ಹುದುಗು ಬಂದ ಮೇಲೆ ನೊರೆ ಏಳುತ್ತದೆ. ನನಗೂ ಆಗ ಹೊಳೆಯಲಿಲ್ಲ. ನಾನೂ ಅದೇ ಗಾಣದ ಮುಂದೆ ಬೆಳೆದವನು. ಅಕ್ಕನ ಆ ಪ್ರಸಿದ್ಧ ಮೂಗಿಗೆ ಎಪ್ಪತ್ತು ದಾಟಿತ್ತು. ಪಂಪ್‌ಹೌಸಿನಲ್ಲಿ ಎಲ್ಲ ಡ್ರಮ್ಮಿನದೂ ಒಂದೇ ವಾಸನೆ. ಮನೆಗೆ ತಂದ ಮೇಲೆ ಬೆಲ್ಲ, ಏಲಕ್ಕಿ, ಕರ್ಪೂರ, ಊದುಬತ್ತಿ.

ಅಯ್ನೋರು ಬಂದರು. ಆ ಮನೆಗೆ ಹಬ್ಬಕ್ಕೆ ಬರುವ ಜಂಗಮರು ಅವರು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದರು. ಶೈಲಾ, ಕೊಟ್ರೇಶ ಓಡಿ ಬಂದು ಸ್ನಾನ ಮಾಡಿ ಕೂರುವಷ್ಟರಲ್ಲಿ ಪೂಜೆ ಮುಗಿಯುತ್ತಿತ್ತು. ನೈವೇದ್ಯವಾಯಿತು. ಅಕ್ಕ ಎಲ್ಲರಿಗೂ ಲೋಟದಲ್ಲಿ ಬಗ್ಗಿಸಿ ಕೊಟ್ಟಳು. ನಾನು ಒಂದು ಗುಟುಕು ತೆಗೆದುಕೊಂಡೆ. ನಾಲಿಗೆಯ ಮೇಲೆ ಸಣ್ಣಗೆ ಚುಚ್ಚಿತು. ಎದುರಿಗೆ ಕೂತಿದ್ದ ಶೈಲಾ ಲೋಟವನ್ನು ತುಟಿಯ ಹತ್ತಿರ ಹಿಡಿದು ಅಲ್ಲಾಡದೆ ಕೂತಿದ್ದಳು. ಅವಳು ನನ್ನನ್ನು ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು. ಅತ್ತೆಯ ಲೋಟ ಆಗಲೇ ಖಾಲಿಯಾಗಿತ್ತು. ಶೈಲಾ ಕಣ್ಣು ಮುಚ್ಚಿ ತನ್ನದನ್ನು ಕುಡಿದು ಮುಗಿಸಿದಳು. ಪ್ರಸಾದವನ್ನು ಕೆಳಗಿಡುವಂತಿರಲಿಲ್ಲ. ಅಯ್ನೋರ ಎದುರಿಗೆ ಬಾಯಿ ಬಿಡುವಂತೆಯೂ ಇರಲಿಲ್ಲ.

"ಗಿರಿಜಮ್ಮ, ಈ ವರ್ಷ ಪಾನಕ ಭಾಳ ಚಲೋ ಆಗೈತೆ" ಎಂದರು ಅಯ್ನೋರು. "ಸೋಡ ಏನಾದ್ರೂ ಹಾಕೀರೇನು?"

"ಇಲ್ರಿ ಅಯ್ನೋರೆ, ನಮ್ಮ ತ್ವಾಟದ್ದು. ಬೆಲ್ಲ, ಏಲಕ್ಕಿ ಬಿಟ್ರೆ ಏನೂ ಹಾಕಿಲ್ಲ."

"ಹಂಗಾದ್ರೆ ಇನ್ನೊಂದು ಲೋಟ ಕೊಡ್ರಿ."

ದಿನವಿಡೀ ನೀರು ಮುಟ್ಟದ ಹೊಟ್ಟೆಗಳು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಮಾತು ಬಂತು. ಅಯ್ನೋರು ತಾವು ಸಣ್ಣವರಿದ್ದಾಗ ಮರ ಹತ್ತಿ ಇಳಿಯಲಾರದೆ ಕೂತ ಕಥೆ ಹೇಳಿದರು. ಅಂಥ ದೊಡ್ಡ ಕಥೆಯೇನಲ್ಲ. ಅಕ್ಕ ನಕ್ಕಳು. ಮೊದಲು ಮೂಗಿನಲ್ಲಿ ಸಣ್ಣಗೆ, ಆಮೇಲೆ ಗಟ್ಟಿಯಾಗಿ, ತಡೆಯಲಾರದೆ, ಕೊನೆಗೆ ಕೆಮ್ಮು ಬಂತು. ಅವಳು ಹಾಗೆ ನಕ್ಕದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆದರೆ ಆ ನಗುವನ್ನು ಕೇಳಿದ್ದೆ. ನನ್ನ ಲೋಟ ಖಾಲಿಯಾಗಿತ್ತು. ಅದನ್ನು ನೆಲದ ಮೇಲಿಟ್ಟು ಬಾಗಿಲ ಕಡೆ ನೋಡಿದೆ.

ಬೆಳಗ್ಗೆ ಅಡುಗೆಮನೆಯಿಂದ ಅಕ್ಕ ಕರೆದಳು.

"ತಮ್ಮಾ, ಇಲ್ಲಿ ಬಾ. ಇದು ಯಾಕೆ ಉಕ್ಕೈತೆ?"

ಉಳಿದ ಪಾನಕವನ್ನು ಅವಳು ತಂಬಿಗೆಗೆ ಹಾಕಿ ತಟ್ಟೆ ಮುಚ್ಚಿಟ್ಟಿದ್ದಳು. ತಟ್ಟೆ ವಾರೆಯಾಗಿತ್ತು. ಸುತ್ತ ರಸ ಚೆಲ್ಲಿ ಒಣಗಿ ಅಂಟಾಗಿತ್ತು. ತಂಬಿಗೆಯೊಳಗೆ ಗುಳ್ಳೆಗಳು ಒಡೆಯುತ್ತಿದ್ದವು. ಅವಳು ಬಗ್ಗಿ ಮೂಸಿದಳು, ನಿಂತಳು, ಮತ್ತೆ ಮೂಸಿದಳು.

"ನಿನ್ನೆ ನೀನೂ ಕುಡಿದಿ. ಕಂಡದ್ದು ಹೇಳು."

ಹೇಳಿದೆ. ನೊರೆ ಇದ್ದ ಡ್ರಮ್ಮು ಹಳೆಯದು. ಅದಕ್ಕೆ ಹುದುಗು ಬಂದಿತ್ತು. ಪೂರ್ತಿ ವೈನಾಗಿರಲಿಲ್ಲ, ಬರೀ ರಸವೂ ಆಗಿರಲಿಲ್ಲ.

"ನಾನು ಏನಾದ್ರೂ ಅಂದ್ನಾ?"

"ಇಲ್ಲ ಅಕ್ಕ. ನೀನು ನಕ್ಕಿ."

"ಹೆಂಗೆ?"

ಇದಕ್ಕೂ ಕಂಡದ್ದನ್ನೇ ಹೇಳಬೇಕಾಗಿತ್ತು. "ದೊಡ್ಡಣ್ಣನಂಗೆ" ಎಂದೆ.

ಅವಳು ಒಲೆಯ ಕಟ್ಟೆಗೆ ಕೈ ಊರಿ ನಿಂತಳು. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಬಂದು ಬಾಗಿಲಲ್ಲಿ ನಿಂತಿದ್ದರು. ರಾತ್ರಿಯೇ ಶೈಲಾ ಗಂಡನಿಗೆ ಎಲ್ಲವನ್ನೂ ಹೇಳಿದ್ದಳೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಹೊಸಲು ದಾಟಿಸಿದವರು ಯಾರೇ ಆಗಲಿ, ಹನಿ ದಾಟಿತ್ತು. ಕೊಟ್ರೇಶನ ಕಣ್ಣು ಕಿಟಕಿಯಾಚೆ ಬಳ್ಳಿಯ ಮೇಲಿತ್ತು.

"ಅತ್ತೆ, ಮಾತು ನಿಮ್ದು" ಎಂದಳು ಶೈಲಾ. "ನೀವು ಹೆಂಗೆ ಹೇಳ್ತೀರೋ ಹಂಗೆ. ಅದನ್ನ ಕೊಡ್ರಿ, ಹೊರಗೆ ಚೆಲ್ಲಿ ಬರ್ತೀನಿ."

"ಏನನ್ನ ಚೆಲ್ತೀ?" ಅಕ್ಕನ ದನಿ ಏರಲಿಲ್ಲ. "ಲಿಂಗಕ್ಕೆ ತೋರಿಸಿದ್ದು. ಪ್ರಸಾದ. ಪ್ರಸಾದ ಚೆಲ್ಲಿದೋರು ಈ ಮನ್ಯಾಗೆ ಯಾರಿದ್ದಾರೆ?"

ತಂಬಿಗೆಯಲ್ಲಿದ್ದದ್ದನ್ನು ಚೆಲ್ಲಿದರೆ ಪ್ರಸಾದಕ್ಕೆ ಅಪಚಾರ, ಕುಡಿದರೆ ಒಂದು ಆಯುಷ್ಯದ ವ್ರತಕ್ಕೆ ಅಪಚಾರ. ಆಮೇಲೆ ಅಕ್ಕನಿಗೆ ಇನ್ನೊಂದು ಸಂಶಯ ಬಂತು. ಅದನ್ನು ಕೇಳಿ ಕೊಟ್ರೇಶ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಡ್ರಮ್ಮಿನಾಗೆ ಉಳಿದದ್ದೂ ಅದೇ ರಸ. ಅಲ್ಲಿಂದಲೇ ತೆಗೆದು ನೈವೇದ್ಯ ಮಾಡಿದ್ದು. ಹಂಗಾದ್ರೆ ಅದೂ ಪ್ರಸಾದ ಆತಲ್ಲ. ಪ್ರಸಾದ ಮಾರಾಕೆ ಬರಲ್ಲ. ಊರಿಗೆಲ್ಲ ಹಂಚಬೇಕು."

"ಅವ್ವ" ಎಂದ ಕೊಟ್ರೇಶ, "ಊರಿಗೆಲ್ಲ ಅದನ್ನ ಹಂಚಿದ್ರೆ ಜನ ದಿನಾ ಶಿವರಾತ್ರಿ ಮಾಡ್ತಾರೆ."

ಅಕ್ಕ ಅವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. "ನೀನು ಹೇಳೋ. ಎಲ್ಲರ ಹೊಲದ ಗಡಿ ಹೇಳಿದೋನು. ಇದರ ಗಡಿ ಎಲ್ಲಿ ಐತೆ?"

ನನ್ನ ಇಡೀ ಸೇವೆಯಲ್ಲಿ ಇಂಥ ಗಡಿ ಬಂದಿರಲಿಲ್ಲ. ನಿಧಾನವಾಗಿ ಯೋಚಿಸಿದೆ. "ಲಿಂಗದ ಮುಂದೆ ಬಂದದ್ದು ಕೊಡ, ಅಕ್ಕ. ಡ್ರಮ್ಮು ಬರಲಿಲ್ಲ. ಕೊಡಕ್ಕೆ ಬಿದ್ದ ಮ್ಯಾಲೆ ನೀನು ಸೋಸಿದಿ, ಬೆಲ್ಲ ಹಾಕಿದಿ, ತೋರಿಸಿದಿ. ನಾನು ನೋಡಿದ್ದು ಅಷ್ಟು. ಗಡಿ ಕೊಡದ ಬಾಯಿಗೆ ನಿಂತಿತು."

"ಬರೋಬರಿ ಹೇಳ್ತೀಯಾ?"

"ಬರೋಬರಿ."

ಅವಳು ತಲೆ ಆಡಿಸಿದಳು. ತಂಬಿಗೆ ಎತ್ತಿಕೊಂಡು ದೇವರ ಮನೆಯ ಮುಂದೆ ಹೋಗಿ ಕೂತಳು. ಶೈಲಾ ಕೈ ಚಾಚಿ, "ನಾನು ಕುಡೀತೀನಿ ಅತ್ತೆ, ನಿಮಗೆ ಬ್ಯಾಡ" ಎಂದಳು. "ತಂದೋಳು ನಾನು" ಎಂದಷ್ಟೇ ಅಕ್ಕ ಹೇಳಿದಳು. ಮೊದಲು ಎದೆಯ ಮೇಲಿನ ಲಿಂಗವನ್ನು ಕೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಸ್ವಲ್ಪ ಸ್ವಲ್ಪವಾಗಿ, ಕಷಾಯ ಕುಡಿಯುವ ಹಾಗೆ, ತಂಬಿಗೆ ಖಾಲಿ ಮಾಡಿದಳು. ರಾತ್ರಿಯಿಡೀ ಹುಳಿಯೇರಿದ ರಸ. ಮುಖ ಕಿವುಚಿತು. ತಂಬಿಗೆಗೆ ನೀರು ಹಾಕಿ, ಕಲಕಿ, ಅದನ್ನೂ ಕುಡಿದಳು. ನಾವು ಮೂವರೂ ನಿಂತೇ ಇದ್ದೆವು.

"ಇದು ಇನ್ನೂ ಪೂರಾ ಆಗಿಲ್ಲ ಅಲ್ಲೇನು?" ಎಂದು ಸೊಸೆಯನ್ನು ಕೇಳಿದಳು.

"ಇಲ್ರಿ ಅತ್ತೆ. ಇನ್ನೂ ತಿಂಗಳುಗಟ್ಟಲೆ ಬೇಕು."

"ಆದ ಮ್ಯಾಲೆ ಸಿಹಿ ಇರ್ತೈತೇನು?"

"ಇರಲ್ರಿ. ಸಿಹಿ ಎಲ್ಲ ಹೋಗ್ತೈತೆ."

"ಸಿಹಿ ಹೋದ ಮ್ಯಾಲೆ ಜನಕ್ಕೆ ಅದು ಯಾತಕ್ಕೆ ಬೇಕು?"

ತೋಟಗಾರಿಕೆ ಓದಿದ ಶೈಲಾ ಖಾಲಿ ತಂಬಿಗೆಯನ್ನು ಕೈಗೆ ತೆಗೆದುಕೊಂಡಳು. ಅಕ್ಕ ಗೋಡೆ ಹಿಡಿದು ಎದ್ದಳು. ಕೊಟ್ರೇಶ ಅದೇ ಚೌಕಟ್ಟಿನ ಹತ್ತಿರ ನಿಂತಿದ್ದ. ಅವನ ಮುಂದೆ ಹಾದು ಹೋಗುವಾಗ ಒಂದು ಕ್ಷಣ ನಿಂತಳು.

"ಸಾರಾಯಿ ಅಂತ ಒಳಗೆ ಬಂದಿದ್ರೆ ಇವತ್ತೇ ಕೀಳಿಸ್ತಿದ್ದೆ. ಪ್ರಸಾದ ಆಗಿ ಬಂತು. ಪ್ರಸಾದ ಕೊಟ್ಟ ಬಳ್ಳಿ ಕೀಳಾಕೆ ಆಗಲ್ಲ. ಹೋಗು, ಕೊಯ್ಯಾಕೆ ಜನ ಕಾಯ್ತಾ ಅದಾರೆ."

ಅವನು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹೋದ. ಅಕ್ಕ ಒಳಗೆ ಹೋಗಿ ಮಲಗಿದಳು. ಸಂಜೆಯವರೆಗೆ ಏಳಲಿಲ್ಲ. ಹೊಸಲಿನ ಕಾನೂನು ಮೊದಲಿನ ಹಾಗೆಯೇ ಉಳಿಯಿತು. ಬಾಟಲಿಗಳು ಪಂಪ್‌ಹೌಸಿನಲ್ಲಿ, ಕೊಳ್ಳಲು ಬಂದವರು ಹೊರಗಿನ ಕಟ್ಟೆಯ ಮೇಲೆ.

ಮಳೆಗಾಲ ಕಳೆದ ಮೇಲೆ ಮತ್ತೆ ಬಿಳಿಚೋಡಿಗೆ ಹೋಗಿದ್ದೆ. ದಾವಣಗೆರೆಯ ಕಡೆಯಿಂದ ಇಬ್ಬರು ಕಾರಿನಲ್ಲಿ ಬಂದಿದ್ದರು. ಶೈಲಾ ಬಾಟಲಿ ತರಲು ಹೋಗಿದ್ದಳು. ಅಕ್ಕ ಕಟ್ಟೆಯ ತುದಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಂದವರಲ್ಲಿ ಒಬ್ಬಾತ ಹೊತ್ತು ಹೋಗಲೆಂದು ಕೇಳಿದ.

"ಅಜ್ಜಿ, ಇದಕ್ಕೆ ನಿಜವಾಗ್ಲೂ ಏನೂ ಹಾಕಲ್ವೇನ್ರಿ?"

"ಏನೂ ಹಾಕಲ್ಲಪ್ಪ."

"ನೀವು ಯಾವಾಗಾದ್ರೂ ರುಚಿ ನೋಡೀರೇನು?"

ನಾನು ಪೇಪರು ಕೆಳಗಿಟ್ಟೆ. ಅವಳಿಗೆ ಸುಳ್ಳು ಹೇಳುವ ಅವಶ್ಯಕತೆ ಇರಲಿಲ್ಲ, ಆದರೆ ಸುಮ್ಮನೆ ಇರುವ ಹಕ್ಕಿತ್ತು. ಅವಳು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದಳು.

"ನೋಡೀನಿ. ನನಗೆ ಹಿಡಿಸಲಿಲ್ಲ. ನಿಮಗೆ ಹಿಡಿಸಬಹುದು, ಒಯ್ಯಿರಿ."